ಛಾತ್ರನಿಗೆ ಛತ್ರ

ಸಂಸ್ಕೃತದಲ್ಲಿ ವಿದ್ಯಾರ್ಥಿಗೆ ‘ಛಾತ್ರ’ನೆಂಬುದೊಂದು ಹೆಸರು. ಛತ್ರವೆಂದರೆ ಕೊಡೆ. ಕೊಡೆಗೂ ವಿದ್ಯಾರ್ಥಿಗೂ ಏನು ಸಂಬಂಧವೆಂಬುದನ್ನು ಪತಂಜಲಿಯು ಮಹಾಭಾಷ್ಯದಲ್ಲಿ ವಿಚಾರಮಾಡಿ, ಗುರುವೇ ಕೊಡೆಯೆಂದೂ, ಶಿಷ್ಯನು ಅದರ ಮರೆಯಲ್ಲಿರತಕ್ಕವನೆಂದೂ, ಆತನು ಮುಂದೆ ಗುರುವನ್ನು ಹಾಗೆಯೇ ಕಾಪಾಡತಕ್ಕವನೆಂದೂ ಅಭಿಪ್ರಾಯ ಕೊಟ್ಟಿದ್ದಾನೆ. ನಮ್ಮ ಕನ್ನಡದಲ್ಲಿ ಛತ್ರವೆಂಬ ಮಾತಿಗೆ ಇನ್ನೊಂದು ಅರ್ಥವೂ ರೂಢಿಯಲ್ಲಿದೆ. ದಾರಿಗರಿಗೆ ಅನ್ನವನ್ನೂ ತಂಗಲು ಸ್ಥಳವನ್ನೂ ಕೊಡುವ ಮನೆಗೆ ಛತ್ರವೆನ್ನುತ್ತೇವೆ. ತಲೆಯ ಮೇಲೊಂದು ಮರೆ, ಹೊತ್ತಿಗೊಂದು ಊಟ, ಇವೆರಡೂ ಇಲ್ಲದೆ ಓದು ಸಾಗದು. ಇದನ್ನು ಹೇಳಲು ಶಾಸ್ತ್ರವೇಕೆ? ಹಸಿದು ಪಾಠ ಕೇಳಿದವರೆಲ್ಲರೂ ಬಲ್ಲರು.

ಕಾಲೇಜುಗಳು ಬಾಗಿಲು ತೆರೆಯುವ ಕಾಲವಿದು. ಹಳ್ಳಿಗಳಿಂದ ಹುಡುಗರೂ ಹುಡುಗಿಯರೂ ಪಟ್ಟಣಗಳಿಗೆ ಬಂದಿಳಿಯುತ್ತಿದ್ದಾರೆ. ಇವರಲ್ಲಿ ಬಡವರಾದವರ ಅನ್ನವಸತಿಗಳ ವಿಷಯವಾಗಿ ವಾಚಕ ಮಹಾಶಯರೊಡನೆ ಎರಡು ಮಾತನಾಡಬೇಕೆಂದಿದ್ದೇವೆ. ಧನಸಹಾಯಕ್ಕಾಗಿ ಕೈಯೊಡ್ಡುವುದು ನಮ್ಮ ಉದ್ದೇಶವಲ್ಲ. ಸರ್ಕಾರದ ನೆರವು ಒಂದು ಕಡೆಯಲ್ಲಿದೆ. ಹಸಿದ ವಿದ್ಯಾರ್ಥಿಯು ಮತ್ತೊಂದು ಕಡೆಯಲ್ಲಿದ್ದಾನೆ. ನಡುವಿನ ದಾರಿಯನ್ನು ತೋರಿಸತಕ್ಕವರು ಮಾತ್ರ ಕಡಮೆಯಾಗಿದ್ದಾರೆ. ಆ ಕೆಲಸವು ಗೃಹಸ್ಥರದೆಂಬುದೇ ನಮ್ಮ ಅಭಿಪ್ರಾಯ.

ನಮ್ಮ ಹಿರಿಯರ ಕಾಲದಲ್ಲಿ ವಾರಾನ್ನವೆಂಬ ಪದ್ಧತಿಯಿತ್ತು. ಪರಸ್ಥಳದಿಂದ ಬಂದ ಬಡ ಹುಡುಗನಿಗೆ ಸೋಮವಾರ ಶಾನುಭೋಗರ ಮನೆ, ಮಂಗಳವಾರ ವಕೀಲರ ಮನೆ, ಬುಧವಾರ ಮತ್ತೊಬ್ಬ ಪುಣ್ಯವಂತೆಯ ಮನೆ, ಹೀಗೆ ಏಳು ದಿನಗಳಿಗೆ ಏಳು ಎಲೆಗಳು ಗೊತ್ತಾಗುತ್ತಿದ್ದುವು. ಕೆಲವರು ಮನೆಪಾಠ ಹೇಳಿ ಓದಿನ ವೆಚ್ಚವನ್ನು ಹೊಂದಿಸಿಕೊಳ್ಳುತ್ತಿದ್ದರು. ೧೮೮೧ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹಾಗೆಯೇ ಓದಿದವರೆಂಬುದು ಪ್ರಸಿದ್ಧವಾದ ವಿಷಯ. ಇಂಥ ನೆರವಿನಿಂದ ನಾಡಿಗಾದ ಉಪಕಾರವು ಅಲ್ಪವಲ್ಲ.

ಆದರೆ ವಾರಾನ್ನದ ಗುಣವನ್ನು ಹೇಳಿ ದೋಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಆ ಎಲೆಗಳು ಬಹುಮಟ್ಟಿಗೆ ಕೆಲವು ಜಾತಿಗಳ ಹುಡುಗರಿಗೆ ಮಾತ್ರ ಮೀಸಲಾಗಿದ್ದುವು. ಹೆಣ್ಣುಮಕ್ಕಳ ಮಾತನ್ನಂತೂ ಆಡುವಂತಿರಲಿಲ್ಲ. ಹೊಲದಲ್ಲಿ ದುಡಿಯುವವನ ಮಗನಿಗೆ, ಊರ ಹೊರಗಿನ ಕೇರಿಯ ಮಗುವಿಗೆ ಯಾವ ಮನೆಯ ಬಾಗಿಲೂ ತೆರೆಯುತ್ತಿರಲಿಲ್ಲ. ಈ ಅನ್ಯಾಯವನ್ನು ಕಂಡು ಮನನೊಂದ ಮಹನೀಯರು ಅಲ್ಲಲ್ಲಿ ಹುಟ್ಟಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ೧೮೯೭ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿ, ಶಾಲೆಯ ಮೆಟ್ಟಿಲನ್ನೇ ತುಳಿಯಗೊಡಿಸದಿದ್ದ ಮಕ್ಕಳಿಗೆ ವಿದ್ಯೆಯನ್ನು ಕೊಡಿಸಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರಸ್ವಾಮಿಗಳು ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ, ಜಾತಿಮತಗಳನ್ನು ಕೇಳದೆ, ಸಹಸ್ರಾರು ಮಕ್ಕಳಿಗೆ ಅನ್ನ ವಸತಿ ವಿದ್ಯೆಗಳನ್ನು ಕೊಟ್ಟುದನ್ನು ನಾಡೇ ಕಂಡಿದೆ.

ಹೀಗೆ ಪುಣ್ಯವಂತರ ಮನಸ್ಸನ್ನು ಅವಲಂಬಿಸಿದ್ದ ನೆರವು ಕ್ರಮಕ್ರಮವಾಗಿ ಪ್ರಜೆಗಳ ಹಕ್ಕಾಗಿ ಮಾರ್ಪಟ್ಟಿತು. ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ೧೯೪೪ರಲ್ಲಿಯೇ ಆರಂಭವಾಯಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೪೬ನೆಯ ಅನುಚ್ಛೇದವು ದುರ್ಬಲ ವರ್ಗಗಳ ವಿದ್ಯಾಭಿವೃದ್ಧಿಯನ್ನು ವಿಶೇಷ ಎಚ್ಚರಿಕೆಯಿಂದ ಸಾಧಿಸತಕ್ಕುದೆಂದು ರಾಜ್ಯಕ್ಕೆ ವಿಧಿಸಿತು. ನಮ್ಮ ರಾಜ್ಯದಲ್ಲಿ ದೇವರಾಜ ಅರಸರ ಆಡಳಿತಕಾಲದಲ್ಲಿ, ೧೯೭೨ರಲ್ಲಿ ನೇಮಕವಾದ ಹಾವನೂರ ಆಯೋಗವು ೧೯೭೫ರಲ್ಲಿ ವರದಿಯನ್ನೊಪ್ಪಿಸಿದ ಮೇಲೆ, ಹಿಂದುಳಿದ ವರ್ಗಗಳ ಮಕ್ಕಳ ವಿದ್ಯೆಯ ವಿಷಯವು ಸರ್ಕಾರದ ಮುಖ್ಯ ಕಾರ್ಯಗಳಲ್ಲೊಂದಾಯಿತು.

ಈಗಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುವೆವು. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಎಂಬ ಇಲಾಖೆಗಳು ಕಾಲೇಜು ವಿದ್ಯಾರ್ಥಿಗಳಿಗಾಗಿಯೇ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತಿವೆ. ಅಲ್ಲಿ ಊಟಕ್ಕೂ ವಸತಿಗೂ ಹಣ ಕೊಡಬೇಕಾದುದಿಲ್ಲ. ಸ್ಥಳಗಳು ಸಾಲದೆ ಪ್ರವೇಶ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ‘ವಿದ್ಯಾಸಿರಿ’ ಎಂಬ ಯೋಜನೆಯಿದೆ. ೨೦೧೩ರಲ್ಲಿ ಇದು ಆರಂಭವಾದಾಗ ಊಟ ವಸತಿಗಳ ಬಾಬತ್ತು ತಿಂಗಳಿಗೆ ೧,೫೦೦ ರೂಪಾಯಿಗಳಂತೆ ಹತ್ತು ತಿಂಗಳಿಗೆ ೧೫,೦೦೦ ರೂಪಾಯಿಗಳೆಂದು ಗೊತ್ತುಮಾಡಿದರು. ಹಣವು ನೇರವಾಗಿ ವಿದ್ಯಾರ್ಥಿಯ ಬ್ಯಾಂಕಿನ ಖಾತೆಗೆ ಸೇರುತ್ತದೆ. ಪರಿಶಿಷ್ಟ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವೇತನದಲ್ಲಿ ಶುಲ್ಕದ ಜತೆಗೆ ನಿರ್ವಹಣೆಯ ಭತ್ಯವೂ ಇದೆ.

ಕೋಣೆಯಲ್ಲಿ ತಾವೇ ಅಡಿಗೆ ಮಾಡಿಕೊಳ್ಳುವವರಿಗೆ ಮತ್ತೊಂದು ದಾರಿಯುಂಟು. ಕುಟುಂಬದ ಪಡಿತರ ಚೀಟಿಯಲ್ಲಿ ಹೆಸರಿರುವವರು, ಆಹಾರ ಭದ್ರತಾ ಕಾನೂನಿನಂತೆ ತಮ್ಮ ಮನೆಗೆ ಸಲ್ಲುವ ಧಾನ್ಯದಲ್ಲಿ ಒಂದು ಪಾಲನ್ನು, ತಾವಿರುವ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಬೆರಳಿನ ಗುರುತು ಕೊಟ್ಟು ಪಡೆಯಬಹುದು. ೨೦೧೭ರಲ್ಲಿ ಬೆಂಗಳೂರಿನಲ್ಲಿ ಮೊದಲಾಗಿ ಬಳಿಕ ಬೇರೆ ಊರುಗಳಿಗೂ ಹಬ್ಬಿದ ಇಂದಿರಾ ಕ್ಯಾಂಟೀನುಗಳಲ್ಲಿ ಬೆಳಗಿನ ಉಪಾಹಾರಕ್ಕೆ ೫ ರೂಪಾಯಿ, ಊಟಕ್ಕೆ ೧೦ ರೂಪಾಯಿ ಎಂದು ದರವನ್ನಿಟ್ಟರು. ಅಲ್ಲಿ ಯಾವ ಪ್ರಮಾಣಪತ್ರವನ್ನೂ ಕೇಳುವುದಿಲ್ಲ.

ಇಷ್ಟೆಲ್ಲಾ ಇದ್ದರೂ ವಿದ್ಯಾರ್ಥಿಯು ಹಸಿದಿರುವುದೇಕೆ? ನಾವು ಕಣ್ಣಾರೆ ಕಂಡುದೊಂದನ್ನು ಹೇಳುವೆವು.

ನಮ್ಮ ಬೀದಿಯ ಕೊನೆಯ ಮನೆಯ ಮಾಳಿಗೆಯಲ್ಲಿ ಬಿ.ಕಾಂ. ಓದುವ ಇಬ್ಬರು ಹುಡುಗರು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ಇಬ್ಬರೂ ಹಿಂದುಳಿದ ವರ್ಗದ ಕೃಷಿಕೂಲಿಗಳ ಮಕ್ಕಳು. ವಿದ್ಯಾರ್ಥಿನಿಲಯದಲ್ಲಿ ಇಬ್ಬರಿಗೂ ಸ್ಥಳ ದೊರೆತಿರಲಿಲ್ಲ. ಅವರಲ್ಲೊಬ್ಬನು ಆಗಾಗ ನಮ್ಮಲ್ಲಿಗೆ ಸಂಸ್ಕೃತ ಪಾಠದ ಸಂದೇಹಗಳನ್ನು ಕೇಳಲು ಬರುತ್ತಿದ್ದನು. ನಮ್ಮ ಮನೆಯವರು ತಿಂಡಿಯ ತಟ್ಟೆಯನ್ನು ಮುಂದಿಟ್ಟರೆ, “ಇವತ್ತು ಒಪ್ಪತ್ತು, ಅಮ್ಮ” ಎಂದು ಕೈಮುಗಿಯುವನು. ಒಂದೇ ವಾರದಲ್ಲಿ ಮೂರನೆಯ ಸಲ ಈ ಮಾತು ಬಂದಾಗ ಆಕೆಯು, “ಏನಪ್ಪಾ, ವಾರಕ್ಕೆ ಮೂರು ವ್ರತ ಯಾವ ಪಂಚಾಂಗದಲ್ಲಿದೆ? ನಮ್ಮ ಮೇಷ್ಟ್ರಿಗೂ ಸ್ವಲ್ಪ ತೋರಿಸು” ಎಂದರು. ಹುಡುಗನು ನಗಲು ಹೋಗಿ ಅತ್ತುಬಿಟ್ಟನು.

ವಿಚಾರಿಸಿದಲ್ಲಿ ಎಲ್ಲವೂ ಹೊರಬಿತ್ತು. ಜತೆಯ ಹುಡುಗನು ದಸರೆಯ ರಜೆಗೆ ಹೋದವನು ಹಿಂದಿರುಗಿರಲಿಲ್ಲ. ಓದನ್ನು ಬಿಟ್ಟು ಬೆಂಗಳೂರಿನ ಒಂದು ಉಗ್ರಾಣದಲ್ಲಿ ಸಾಮಾನು ಕಟ್ಟುವ ಕೆಲಸಕ್ಕೆ ಸೇರಿದ್ದನು. ಇಬ್ಬರ ಬಾಡಿಗೆಯು ಒಬ್ಬನ ಮೇಲೆ ಬಿದ್ದುದರಿಂದ ಈತನು ರಾತ್ರಿಯ ಊಟವನ್ನು ಬಿಟ್ಟಿದ್ದನು. “ವಿದ್ಯಾಸಿರಿಗೆ ಅರ್ಜಿ ಹಾಕಲಿಲ್ಲವೇನಪ್ಪಾ?” ಎಂದು ನಾವು ಕೇಳಿದೆವು. “ಹಾಸ್ಟೆಲಿನಲ್ಲಿ ಸೀಟಿಲ್ಲವೆಂದರು, ಮೇಷ್ಟ್ರೇ. ಅಲ್ಲಿಗೆ ಮುಗಿಯಿತು ಅಂದುಕೊಂಡೆ” ಎಂದನು. ಸ್ಥಳ ದೊರೆಯದವರಿಗಾಗಿಯೇ ಮಾಡಿದ ಯೋಜನೆಯೊಂದುಂಟೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕಾಲೇಜಿನ ಫಲಕದಲ್ಲಿ ಪ್ರಕಟಣೆಯೇನೋ ಇತ್ತಂತೆ. ನೂರು ಕಾಗದಗಳ ನಡುವೆ ಅದೂ ಒಂದು.

ಅವನೊಡನೆ ನಾವೂ ಹೋದೆವು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ತಂದೆಯ ಪೂರ್ಣನಾಮವಿತ್ತು. ಆಧಾರಿನಲ್ಲಿ ಮೊದಲಕ್ಷರ ಮಾತ್ರವಿತ್ತು. ಅದನ್ನು ಸರಿಪಡಿಸಿ, ಬ್ಯಾಂಕಿನ ಖಾತೆಗೆ ಆಧಾರನ್ನು ಜೋಡಿಸಿ, ಕೊನೆಯ ದಿನಕ್ಕೆ ಮೊದಲೇ ಅರ್ಜಿಯನ್ನು ಸಲ್ಲಿಸುವಲ್ಲಿ ನಾಲ್ಕು ಸಲ ಅಲೆದಾಡಬೇಕಾಯಿತು. ಸಂಕ್ರಾಂತಿ ಕಳೆದ ಮೇಲೆ ಹಣ ಬಂದಿತು. ಹುಡುಗನ ಓದು ಉಳಿಯಿತು. ಆದರೆ ಉಗ್ರಾಣದಲ್ಲಿ ಸಾಮಾನು ಕಟ್ಟುತ್ತಿರುವ ಮತ್ತೊಬ್ಬನಿದ್ದಾನಷ್ಟೆ? ಅವನ ಜಾತಿಪತ್ರ, ಆದಾಯಪತ್ರ, ಅಂಕಗಳು ಎಲ್ಲವೂ ಈತನವುಗಳಷ್ಟೇ ಸರಿಯಾಗಿದ್ದುವು. ನೆರವಿಗೆ ಅವನೂ ಅಷ್ಟೇ ಅರ್ಹನಾಗಿದ್ದನು. ಕೇಳುವವರೊಬ್ಬರು ಎರಡು ತಿಂಗಳು ಮೊದಲು ಸಿಕ್ಕಿದ್ದರೆ ಅವನೂ ತರಗತಿಯಲ್ಲಿರುತ್ತಿದ್ದನು.

ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ಹೇಳಿ ಕಚೇರಿಗಳನ್ನು ಬೈಯುವುದು ಸುಲಭ. ಆದರೆ ಇಲ್ಲಿ ಎಷ್ಟೋ ಸಲ ಭಕ್ತನೇ ಗುಡಿಯವರೆಗೆ ಹೋಗಿರುವುದಿಲ್ಲ. ಕಾರಣಗಳು ಮೂರು. ಮೊದಲನೆಯದು ಅಜ್ಞಾನ. ಮನೆಯಲ್ಲಿ ಮೊದಲಬಾರಿಗೆ ಕಾಲೇಜಿನ ಮುಖ ಕಂಡವನಿಗೆ ದಾರಿ ಹೇಳುವ ಅಣ್ಣನಾಗಲಿ ಚಿಕ್ಕಪ್ಪನಾಗಲಿ ಇರುವುದಿಲ್ಲ. ಎರಡನೆಯದು ಕಾಗದಪತ್ರಗಳ ತೊಡಕು. ಮೂರನೆಯದು ನಾಚಿಕೆ, ಇದೇ ಎಲ್ಲಕ್ಕಿಂತಲೂ ಬಲವಾದುದು. ಹಸಿವನ್ನು ವ್ರತವೆಂದು ಹೇಳಿಸುವುದು ಈ ನಾಚಿಕೆಯೇ.

ನಾಚಿಕೆಗೆ ಇಲ್ಲಿ ಕಾರಣವಿಲ್ಲವೆಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ. ಬೊಕ್ಕಸದ ಹಣವು ಯಾರೋ ಧಣಿಗಳ ಭಿಕ್ಷೆಯಲ್ಲ. ಕೂಲಿಯ ಹೆಂಗಸು ಸಂತೆಯಲ್ಲಿ ಒಂದು ಸೋಪನ್ನು ಕೊಂಡರೂ ಅದರ ಬೆಲೆಯಲ್ಲಿ ತೆರಿಗೆಯು ಸೇರಿರುತ್ತದೆ. ತಾಯಿ ಕೊಟ್ಟುದರಲ್ಲಿ ಒಂದು ಪಾಲು ಮಗನಿಗೆ ಬರುವುದರಲ್ಲಿ ದೈನ್ಯವೆಲ್ಲಿಯದು? ಶ್ರೀಮಂತರ ಮಕ್ಕಳು ಸರ್ಕಾರದ ಕಾಲೇಜಿನಲ್ಲಿ ಅಲ್ಪ ಶುಲ್ಕಕ್ಕೆ ಓದುವುದೂ ಬೊಕ್ಕಸದ ನೆರವೇ ಅಲ್ಲವೆ? ಅದಕ್ಕೆ ಯಾರೂ ತಲೆ ತಗ್ಗಿಸುವುದಿಲ್ಲ. ಬಡವನ ಮಗನು ಮಾತ್ರ ಏಕೆ ತಗ್ಗಿಸಬೇಕು?

ಹಾಗಾದರೆ ಗೃಹಸ್ಥರು ಮಾಡತಕ್ಕುದೇನು? ಬಾಡಿಗೆಗೆ ಕೋಣೆಯನ್ನು ಕೊಟ್ಟವರು, ನೆರೆಯಲ್ಲಿ ವಿದ್ಯಾರ್ಥಿಗಳಿರುವವರು, ಮನೆಗೆಲಸದವರ ಮಕ್ಕಳು ಕಾಲೇಜಿಗೆ ಸೇರಿರುವವರು, ಎಲ್ಲರೂ ಕೆಲವು ಪ್ರಶ್ನೆಗಳನ್ನು ಕೇಳಬಹುದು. ನಾಡಕಚೇರಿಯಿಂದ ಜಾತಿ ಆದಾಯ ಪ್ರಮಾಣಪತ್ರಗಳನ್ನು ಪಡೆದಾಯಿತೆ? ಅವುಗಳ ಮೇಲಿನ ಆರ್.ಡಿ. ಸಂಖ್ಯೆಯನ್ನು ಬರೆದಿಟ್ಟುಕೊಂಡಿರುವೆಯಾ? ಅಂಕಪಟ್ಟಿ, ಆಧಾರು, ಬ್ಯಾಂಕಿನ ಪುಸ್ತಕ, ಈ ಮೂರರಲ್ಲಿಯೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಆಗಿದೆಯೆ? ಖಾತೆಗೆ ಆಧಾರು ಜೋಡಣೆಯಾಗಿದೆಯೆ? ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿದೆಯಾ? ಅಲ್ಲಿ ಸ್ಥಳ ದೊರೆಯದಿದ್ದರೆ ರಾಜ್ಯದ ವಿದ್ಯಾರ್ಥಿವೇತನದ ಎಸ್.ಎಸ್.ಪಿ. ಜಾಲತಾಣದಲ್ಲಿ ಅವಧಿಯೊಳಗೆ ಅರ್ಜಿಯನ್ನು ತುಂಬಿದೆಯಾ? ಸ್ವೀಕೃತಿಯ ಪ್ರತಿ ಕೈಯಲ್ಲಿದೆಯೆ?

ಆದಾಯದ ಮಿತಿಯೂ ಕೊನೆಯ ದಿನಾಂಕಗಳೂ ವರ್ಗಕ್ಕೊಂದು ವರ್ಷಕ್ಕೊಂದು ಬಗೆಯಾಗುವುದುಂಟು. ಆದುದರಿಂದ ಅವರಿವರ ಮಾತನ್ನು ನಂಬದೆ ತಾಲ್ಲೂಕಿನಲ್ಲಿರುವ ಆಯಾ ಇಲಾಖೆಯ ಕಚೇರಿಯಲ್ಲಿಯೇ ಕೇಳಿ ತಿಳಿಯತಕ್ಕುದು. ಹುಡುಗನೊಬ್ಬನೇ ಹೋದರೆ “ನಾಳೆ ಬಾ” ಎಂದು ಕೇಳಿಸಿಕೊಂಡು ಹಿಂದಿರುಗುವನು. ನರೆತಲೆಯವರೊಬ್ಬರು ಜತೆಯಲ್ಲಿದ್ದರೆ ಕುರ್ಚಿಯೂ ಉತ್ತರವೂ ದೊರೆಯುವ ಸಂಭವ ಹೆಚ್ಚು. ನಮ್ಮಂಥ ನಿವೃತ್ತರಿಗೆ ಇದಕ್ಕಿಂತ ತಕ್ಕ ಉದ್ಯೋಗವಾವುದು? ಅಧ್ಯಾಪಕರಿಗೂ ಒಂದು ವಿಜ್ಞಾಪನೆ: ಪ್ರಕಟಣೆಯನ್ನು ಫಲಕಕ್ಕೆ ಅಂಟಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸದೆ, ತರಗತಿಯಲ್ಲಿ ಎಲ್ಲರ ಮುಂದೆ ಎಲ್ಲರಿಗಾಗಿ ಓದಿ ಹೇಳಿರಿ. ಎಲ್ಲರಿಗೂ ಹೇಳಿದ ಮಾತಿನಲ್ಲಿ ಒಬ್ಬನಿಗೆ ನಾಚಿಕೆಯಾಗುವುದಿಲ್ಲ.

ಗೃಹಿಣಿಯರಿಗೆ ನಾವು ಹೇಳಿಕೊಡಬೇಕಾದುದೇನೂ ಇಲ್ಲ. ಹಸಿದ ಮುಖವನ್ನು ಗುರುತಿಸುವುದರಲ್ಲಿ ಅವರು ನಮಗಿಂತ ಮುಂದು. ಅರ್ಜಿ ಹಾಕಿದ ದಿನಕ್ಕೂ ಹಣ ಬರುವ ದಿನಕ್ಕೂ ನಡುವೆ ಕೆಲವು ತಿಂಗಳುಗಳ ಅಂತರವಿರುತ್ತದೆ; ಆ ದಿನಗಳಲ್ಲಿ ಮನೆಯಲ್ಲಿ ಮಾಡಿದ ಸಾರು ಅನ್ನದಲ್ಲಿ ಒಂದು ಎಲೆಯು ಹೆಚ್ಚಾದರೆ ಭಾರವಾಗದು. ಜಾತಿಯನ್ನು ಕೇಳದೆ ಬಡಿಸಿದರೆ ಹಳೆಯ ವಾರಾನ್ನಕ್ಕಿದ್ದ ಕೊರತೆಯೂ ತುಂಬಿದಂತಾಗುವುದು.

ವಾರಕ್ಕೊಂದು ದಿನದ ಅನ್ನವನ್ನು ನಮ್ಮ ಹಿರಿಯರು ಕೊಟ್ಟರು. ಇಂದು ವಾರಕ್ಕೊಂದು ಗಂಟೆಯ ಹೊತ್ತನ್ನು ನಾವು ಕೊಟ್ಟರೆ ವರ್ಷಪೂರ್ತಿಯ ಅನ್ನಕ್ಕೆ ದಾರಿಯಾಗಬಹುದು. ಈ ತಿಂಗಳು ಮುಗಿಯುವುದರೊಳಗಾಗಿ ವಾಚಕರು ತಮ್ಮ ನೆರೆಯ ಒಬ್ಬ ವಿದ್ಯಾರ್ಥಿಯನ್ನೋ ವಿದ್ಯಾರ್ಥಿನಿಯನ್ನೋ ಹತ್ತಿರ ಕುಳ್ಳಿರಿಸಿಕೊಂಡು, “ಊಟ ವಸತಿಗೆ ಏನು ಮಾಡಿಕೊಂಡಿರುವೆ, ಮಗು?” ಎಂದು ಕೇಳಲಿ. ಉತ್ತರವು ತಡವಾಗಿ ಬಂದರೆ ಕಾದು ಕುಳಿತಿರಲಿ.