ಸೌಂದರ್ಯಗೃಹದ ಗಾಳಿ ಮತ್ತು ಕಾಯಕಜೀವಿಯ ಉಸಿರು

ಕಾಯಕವು ಕಾಯದಿಂದಲೇ ನಡೆಯತಕ್ಕದ್ದು. ಆದ್ದರಿಂದ ದುಡಿಯುವವರ ಕಾಯವನ್ನೇ ಕೆಡಿಸುವ ಸ್ಥಳವು, ಅಲ್ಲಿ ಎಷ್ಟೇ ಸುಗಂಧವಿದ್ದರೂ, ಎಷ್ಟೇ ಕನ್ನಡಿಗಳು ಹೊಳೆದರೂ, ಶುಚಿಯಾದ ಸ್ಥಳವೆನಿಸದು. ಪರರ ಅಂದವನ್ನು ತಿದ್ದಿ ಜೀವನ ಸಾಗಿಸುವ ಬ್ಯೂಟಿ ಪಾರ್ಲರ್ ಕೆಲಸಗಾರರ ವಿಷಯದಲ್ಲಿ ಈ ಮಾತನ್ನು ವಿಚಾರಿಸಬೇಕಾಗಿದೆ.

ಗುಂಗುರು ಕೂದಲನ್ನು ನೇರಗೊಳಿಸುವ 'ಕೆರಾಟಿನ್' ಉಪಚಾರವು ಇಂದು ಬೆಂಗಳೂರಿನಂತಹ ನಗರಗಳಲ್ಲಿ ಸರ್ವಸಾಮಾನ್ಯವಾಗಿದೆ. ಇದಕ್ಕೆ ಬಳಸುವ ಅನೇಕ ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಇಲ್ಲವೇ ಕಾಯಿಸಿದಾಗ ಹೊರಹೊಮ್ಮುತ್ತದೆ. ಸುಮಾರು 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ಪಟ್ಟಿಯಿಂದ ಕೂದಲನ್ನು ಒತ್ತಿದಾಗ ಅದು ಅನಿಲವಾಗಿ ಕೋಣೆಯನ್ನು ತುಂಬುತ್ತದೆ. ಕಣ್ಣುರಿ, ಗಂಟಲು ಕೆರೆತ, ಕೆಮ್ಮು, ಉಬ್ಬಸ ಇದರ ಮೊದಲ ಫಲಗಳು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವರ್ಗೀಕರಿಸಿದೆ.

ಈ ಅಪಾಯವು ಬೆಳಕಿಗೆ ಬಂದ ಬಗೆಯೂ ಗಮನಾರ್ಹವಾದುದು. 2010ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಕೇಶವಿನ್ಯಾಸಕರು ಉಸಿರಾಟದ ತೊಂದರೆಯನ್ನು ಹೇಳಿಕೊಂಡಾಗ, ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆಯು 54 ಸಲೂನುಗಳಿಂದ ನೂರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿತು. 'ಫಾರ್ಮಾಲ್ಡಿಹೈಡ್ ರಹಿತ' ಎಂಬ ಪಟ್ಟಿಯನ್ನು ಹೊತ್ತಿದ್ದ 'ಬ್ರೆಜಿಲಿಯನ್ ಬ್ಲೋಔಟ್' ದ್ರಾವಣದಲ್ಲಿ ಅದು ಸರಾಸರಿ ಶೇ. 8ಕ್ಕಿಂತ ಹೆಚ್ಚಾಗಿತ್ತು. ಅಮೆರಿಕದ ಕಾರ್ಮಿಕ ನಿಯಮದಂತೆ ಶೇ. 0.1ರಷ್ಟಿದ್ದರೂ ಅದನ್ನು ತಿಳಿಸಲೇಬೇಕು. ನೀರಿನಲ್ಲಿ ಬೆರೆತ ಫಾರ್ಮಾಲ್ಡಿಹೈಡ್ ಬಹುಪಾಲು ಮೆಥಿಲೀನ್ ಗ್ಲೈಕಾಲ್ ಆಗುತ್ತದೆ. ಕಾಯಿಸಿದೊಡನೆ ಮರಳಿ ಅದೇ ಅನಿಲವಾಗುತ್ತದೆ. ಹೆಸರು ಬದಲಾದ ಮಾತ್ರಕ್ಕೆ ಗುಣ ಬದಲಾಗದು. ನುಡಿಯೊಂದು, ನಡೆಯೊಂದು ಆದಾಗ ಅದರ ಬೆಲೆಯನ್ನು ತೆತ್ತುದು ಮಾರಿದವನಲ್ಲ, ಉಸಿರಾಡಿದವಳು.

ಗ್ರಾಹಕರು ಕೆಲವು ತಿಂಗಳಿಗೊಮ್ಮೆ ಎರಡು ಮೂರು ಗಂಟೆ ಕುಳಿತು ಎದ್ದುಹೋಗುತ್ತಾರೆ. ಕೆಲಸದ ಹೆಣ್ಣುಮಗಳು ಅದೇ ಹೊಗೆಯಲ್ಲಿ ದಿನವಿಡೀ, ವರ್ಷವಿಡೀ ನಿಲ್ಲುತ್ತಾಳೆ. ತಂಪು ಹೊರಹೋಗದಿರಲೆಂದು ಬಾಗಿಲು ಮುಚ್ಚಲಾಗುತ್ತದೆ, ಗೋಡೆಯ ಎ.ಸಿ. ಯಂತ್ರವು ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ತಿರುತಿರುಗಿಸುತ್ತದೆ. ಬಟ್ಟೆಯ ಮುಖಗವಸು ಧೂಳನ್ನು ಕೊಂಚ ತಡೆಯಬಹುದು, ಅನಿಲವನ್ನು ತಡೆಯಲಾರದು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಸಣ್ಣ ಪಾರ್ಲರುಗಳಿಗೆ ಇ.ಎಸ್.ಐ. ವಿಮೆ ಕಡ್ಡಾಯವಲ್ಲವಾದ್ದರಿಂದ, ಕಾಯಿಲೆಯ ಖರ್ಚೂ ಬಹುಮಟ್ಟಿಗೆ ಅವಳ ಹೆಗಲಿಗೇ ಬೀಳುತ್ತದೆ.

ಸಣ್ಣ ಮಾಲೀಕರು, ಅವರಲ್ಲಿ ಬಹುಮಂದಿ ತಾವೂ ದುಡಿಯುವ ಮಹಿಳೆಯರೇ, ಖರ್ಚನ್ನು ಎಲ್ಲಿಂದ ತರುವುದೆಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಕಿಟಕಿಯನ್ನು ತೆರೆಯಲು, ಕುರ್ಚಿಯ ಬಳಿ ಹೊಗೆಯನ್ನು ಹೊರದೂಡುವ ಫ್ಯಾನೊಂದನ್ನು ಅಳವಡಿಸಲು, ಘಟಕಗಳ ಪಟ್ಟಿಯಿಲ್ಲದ ಸೀಸೆಯನ್ನು ಹಿಂದಿರುಗಿಸಲು ಸಿರಿತನ ಬೇಕಿಲ್ಲ. ಅಪಾಯಕಾರಿ ದ್ರಾವಣವನ್ನೇ ಕೈಬಿಡುವುದು ಎಲ್ಲಕ್ಕಿಂತ ಮೇಲು. ಸರ್ಕಾರವೂ ಸೀಸೆಯ ಮೇಲಿನ ಬರಹವನ್ನಷ್ಟೇ ನಂಬದೆ, ಒಳಗಿನ ದ್ರವವನ್ನೂ ಕೋಣೆಯ ಗಾಳಿಯನ್ನೂ ಪರೀಕ್ಷಿಸಬೇಕು.

ಅಂದವನ್ನು ಬಯಸುವುದು ದೋಷವಲ್ಲ. ಆ ಅಂದಕ್ಕಾಗಿ ಇನ್ನೊಬ್ಬರ ಉಸಿರು ಸವೆಯುತ್ತಿದೆಯೆಂದು ತಿಳಿದೂ ಸುಮ್ಮನಿರುವುದು ದೋಷ. ಕುರ್ಚಿಯಲ್ಲಿ ಕುಳಿತುಕೊಳ್ಳುವ ಮೊದಲು "ಇದರಲ್ಲಿ ಏನಿದೆ? ಕಿಟಕಿ ತೆರೆದಿದೆಯೇ?" ಎಂದು ಕೇಳುವುದು ಗ್ರಾಹಕರ ಕರ್ತವ್ಯ. ಕೆಲಸಗಾರಳು ಕೇಳಿದರೆ ಕೆಲಸ ಹೋದೀತು. ಗ್ರಾಹಕರು ಕೇಳಿದರೆ ಕಿಟಕಿ ತೆರೆದೀತು.