ಎಚ್‌ಓಡಿಗೆ ಮಾರ್ಕ್ಸ್ ಕೊಡೋರು ಯಾರು?

ನಿಮ್ಮ ಆಫೀಸಲ್ಲಿ ಅಪ್ರೈಸಲ್ ಸೀಸನ್ ಬಂತು ಅಂದ್ರೆ ಮ್ಯಾನೇಜರಿಗೂ ಸ್ವಲ್ಪ ಪುಕಪುಕ ಇರುತ್ತೆ, ಟೀಮಿನವರು ತನ್ನ ಬಗ್ಗೆ ಏನು ಬರೀತಾರೋ ಅಂತ. ಆ ಫೀಡ್‌ಬ್ಯಾಕ್ ಎಷ್ಟು ನಾಟಕ ಅನ್ನೋದು ಬೇರೆ ಮಾತು. ಕೇಳುವ ಶಾಸ್ತ್ರವಾದರೂ ಇದೆ. ನಮ್ಮ ಮೆಡಿಕಲ್ ಕಾಲೇಜುಗಳ ಬಡ್ತಿ ನಿಯಮದಲ್ಲಿ ಆ ಶಾಸ್ತ್ರವೂ ಇಲ್ಲ.

2019ರ ಹೊಸ ಎಂಬಿಬಿಎಸ್ ಪಠ್ಯಕ್ರಮದ ಪ್ರಕಾರ ವೈದ್ಯ ಪದವೀಧರರು ಐದು ಪಾತ್ರ ನಿಭಾಯಿಸಬೇಕು. ಅದರಲ್ಲೊಂದು, ಆರೋಗ್ಯ ತಂಡದ ನಾಯಕ ಮತ್ತು ಸದಸ್ಯ. ಒಳ್ಳೆಯದೇ. ಆದರೆ ಇದನ್ನು ಕಲಿಸುವವರಲ್ಲಿ ನಾಯಕತ್ವ ಇದೆಯಾ ಅಂತ ನೋಡುವುದು ಯಾರು? 2022ರ ನಿಯಮದಂತೆ ಅಸಿಸ್ಟೆಂಟ್ ಪ್ರೊಫೆಸರ್ ಒಬ್ಬರು ಅಸೋಸಿಯೇಟ್ ಆಗಲು ಬೇಕಿದ್ದದ್ದು ನಾಲ್ಕು ವರ್ಷದ ಸೇವೆ, ಎರಡು ಪ್ರಕಟಿತ ಲೇಖನ, ಬೋಧನೆಯ ಒಂದು ಕೋರ್ಸು, ಸಂಶೋಧನೆಯ ಒಂದು ಕೋರ್ಸು. ಕೈಕೆಳಗೆ ದುಡಿದ ಪಿಜಿಗಳು, ವಾರ್ಡಿನ ಸಿಸ್ಟರ್‌ಗಳು ಏನಂತಾರೆ ಅನ್ನೋದಕ್ಕೆ ಒಂದು ಸಾಲೂ ಇರಲಿಲ್ಲ.

ನಾನು ಇಂಟರ್ನ್ ಆಗಿದ್ದಾಗಿನ ಮಾತು. ರಾತ್ರಿ ಎರಡು ಗಂಟೆಗೆ ಒಬ್ಬ ಅಜ್ಜನ ಪೊಟ್ಯಾಸಿಯಂ 6.8 ಅಂತ ರಿಪೋರ್ಟ್ ಬಂತು. ಹೃದಯ ನಿಲ್ಲಿಸಬಲ್ಲ ಅಂಕಿ ಅದು. ಪಿಜಿ ಐಸಿಯುನಲ್ಲಿ ಇನ್ನೊಬ್ಬ ರೋಗಿಯ ಜೊತೆ ಸಿಕ್ಕಿಕೊಂಡಿದ್ದರು. ಯೂನಿಟ್ ಚೀಫ್‌ಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಹಿಂದಿನ ವಾರ ಹೀಗೇ ಫೋನ್ ಮಾಡಿದ ಗೆಳತಿಯನ್ನು ಅವರು ಬೆಳಗಿನ ರೌಂಡ್ಸಲ್ಲಿ ರೋಗಿಗಳ ಎದುರೇ ನೀರಿಳಿಸಿದ್ದರು. ಇಪ್ಪತ್ತು ನಿಮಿಷ ಕಾರಿಡಾರಲ್ಲಿ ಮೊಬೈಲ್ ಹಿಡಿದು ನಿಂತಿದ್ದೆ. ಕೊನೆಗೆ ಸಿಸ್ಟರ್ ನನ್ನ ಕೈಯಿಂದ ರಿಪೋರ್ಟ್ ಕಿತ್ತುಕೊಂಡು, "ನೀವು ಇಸಿಜಿ ತೆಗೀರಿ ಡಾಕ್ಟ್ರೇ, ಬೈಸ್ಕೊಳ್ಳೋದು ನಂಗೆ ಅಭ್ಯಾಸ" ಅಂತ ತಾವೇ ಫೋನ್ ಹಚ್ಚಿದರು. ಅಜ್ಜ ಬದುಕಿದರು. ಆ ಚೀಫ್ ಮುಂದೆ ಪ್ರೊಫೆಸರ್ ಆದರು. ಅವರ ಪೇಪರ್‌ಗಳು ಚೆನ್ನಾಗಿದ್ದವು, ಸುಳ್ಳು ಹೇಳಬಾರದು.

ವರ್ಕ್‌ಶಾಪುಗಳಲ್ಲಿ ನಾಯಕತ್ವ ಅಳೆಯುವ ಫಾರಂ ಹಂಚುವುದುಂಟು. 'ನಾನು ತಂಡದವರ ಮಾತು ಕೇಳುತ್ತೇನೆ', ಒಂದರಿಂದ ಐದರಲ್ಲಿ ಗುರುತು ಹಾಕಿ. ತನಗೆ ತಾನೇ ಎರಡು ಹಾಕಿಕೊಳ್ಳುವ ಪುಣ್ಯಾತ್ಮ ಯಾರು ಸ್ವಾಮಿ?

ಕೆಳಗಿನವರನ್ನು ಕೇಳಿದರೆ ಸೇಡು ತೀರಿಸಿಕೊಳ್ಳುತ್ತಾರೆ ಅನ್ನೋರಿದ್ದಾರೆ. ಬ್ರಿಟನ್ನಿನಲ್ಲಿ 2012ರಿಂದ ವೈದ್ಯರು ಲೈಸೆನ್ಸ್ ಉಳಿಸಿಕೊಳ್ಳಲು ಐದು ವರ್ಷಕ್ಕೊಮ್ಮೆಯಾದರೂ ಸಹೋದ್ಯೋಗಿಗಳ, ರೋಗಿಗಳ ಅಭಿಪ್ರಾಯ ಒಪ್ಪಿಸಬೇಕು. ಅಲ್ಲೇನೂ ಆಸ್ಪತ್ರೆಗಳು ಮುಚ್ಚಿಹೋಗಿಲ್ಲ. ನಮ್ಮಲ್ಲಿರುವ ನಿಜವಾದ ಭಯ ಇನ್ನೊಂದು ಕಡೆಯದು: ಥೀಸಿಸ್‌ಗೆ ಸಹಿ ಹಾಕುವವರ ಬಗ್ಗೆ ಪಿಜಿ ಸತ್ಯ ಬರೆಯೋದು ಹೇಗೆ? ಅದಕ್ಕೇ ಹೆಸರಿಲ್ಲದೆ, ಹತ್ತಿಪ್ಪತ್ತು ಜನರಿಂದ, ಕೋರ್ಸು ಮುಗಿಸಿ ಹೋದವರಿಂದಲೂ ಕೇಳಬೇಕು. ಬಡ್ತಿಯ ಫೈಲಿಗೆ ಅದು ಸೇರಬೇಕು.

ಐವತ್ತು ಪ್ರಶ್ನೆ ಬೇಡ. ರಾತ್ರಿ ಫೋನ್ ಎತ್ತುತ್ತಾರಾ? ಎತ್ತಿದ ಮೇಲೆ ಬೈಯುತ್ತಾರಾ? ತಪ್ಪಾದಾಗ ಯಾರ ಹೆಸರು ಮುಂದೆ ಮಾಡುತ್ತಾರೆ? ಆ ಸಿಸ್ಟರ್ ಈಗಲೂ ಅದೇ ವಾರ್ಡಲ್ಲಿದ್ದಾರೆ. ಅವರಿಂದಲೇ ಶುರು ಮಾಡಬಹುದು.