ಪಾದರಸಕ್ಕೆ ಕುಪ್ಪಿಯ ಲೆಕ್ಕವೇಕೆ?

ಹಾಲನ್ನು ಲೀಟರಿನಲ್ಲಿಯೂ ಚಿನ್ನವನ್ನು ಗ್ರಾಮಿನಲ್ಲಿಯೂ ಕೊಳ್ಳುವ ನಮಗೆ ಪಾದರಸದ ಪೇಟೆಯ ರೂಢಿ ವಿಚಿತ್ರವಾಗಿ ತೋರದಿರದು. ಸಾಧಾರಣ ಉಷ್ಣತೆಯಲ್ಲಿ ದ್ರವವಾಗಿರುವ ಈ ಲೋಹದ ಸಗಟು ವ್ಯಾಪಾರವು ಬಹುಕಾಲದಿಂದ ‘ಫ್ಲಾಸ್ಕು’ ಎಂಬ ಕಬ್ಬಿಣದ ಕುಪ್ಪಿಯ ಲೆಕ್ಕದಲ್ಲಿ ನಡೆದುಬಂದಿದೆ. ಒಂದು ಕುಪ್ಪಿಯೆಂದರೆ 76 ಪೌಂಡು, ಅಂದರೆ ಸುಮಾರು 34.5 ಕಿಲೋಗ್ರಾಂ. ಹೆಸರು ಪಾತ್ರೆಯದು, ಅಳತೆ ತೂಕದ್ದು! ಪಾದರಸವು ನೀರಿಗಿಂತ 13.6 ಪಟ್ಟು ಭಾರವಾದುದರಿಂದ ಅಷ್ಟು ತೂಕವೂ ಎರಡೂವರೆ ಲೀಟರಿನಷ್ಟು ಸ್ಥಳದಲ್ಲಿ ಅಡಗಿಬಿಡುತ್ತದೆ.

75 ಅಲ್ಲ, 80 ಅಲ್ಲ, 76 ಏಕೆ? ಸ್ಪೇನಿನ ಹಳೆಯ ತೂಕಗಳನ್ನು ನೋಡಿದರೆ ಈ ಒಗಟು ಬಿಡಿಸಿಕೊಳ್ಳುತ್ತದೆ. ಆ ದೇಶದ ಅಲ್ಮಡೇನ್ ಗಣಿಯ ಪಾದರಸವು ಒಂದು ಕಾಲದಲ್ಲಿ ಕುರಿಯ ತೊಗಲಿನ ಚೀಲಗಳಲ್ಲಿ ಹಡಗನ್ನೇರಿ ಮೆಕ್ಸಿಕೋದ ಬೆಳ್ಳಿ ಗಣಿಗಳಿಗೆ ಹೋಗುತ್ತಿತ್ತು. ಚಿನ್ನ, ಬೆಳ್ಳಿ, ತವರಗಳೊಡನೆ ಬೆರೆತುಕೊಳ್ಳುವ ಪಾದರಸವು ಕಬ್ಬಿಣದೊಡನೆ ಬೆರೆಯದು. ಆದಕಾರಣ ಮುಂದೆ ಕಬ್ಬಿಣದ ಕುಪ್ಪಿ ಬಂದಿತು. ಸ್ಪೇನಿನ ಒಂದು ‘ಅರೋಬ’ಕ್ಕೆ 11.5 ಕಿಲೋಗ್ರಾಂ. ಮೂರು ಅರೋಬಕ್ಕೆ 34.5. ಅದನ್ನೇ ಇಂಗ್ಲಿಷ್ ಪೌಂಡಿಗೆ ತಿರುಗಿಸಿದರೆ 76!

ಇತಿಹಾಸವೇನೋ ಸೊಗಸಾಗಿದೆ. ಆದರೆ ಈ ಕುಪ್ಪಿಯೂ ಸ್ಥಿರವಾಗಿ ನಿಂತುದಲ್ಲ. ಅಮೆರಿಕದಲ್ಲಿ ಅದು 1904ರವರೆಗೆ ಎಪ್ಪತ್ತಾರೂವರೆ ಪೌಂಡು, ಅನಂತರ 1927ರವರೆಗೆ 75, ಆಮೇಲೆ 76. ಊರಿಗೊಂದು ಸೇರು, ಸೀಮೆಗೊಂದು ಮಣವಿದ್ದ ನಮ್ಮ ಹಿಂದಿನ ದಿನಗಳನ್ನು ಬಲ್ಲವರಿಗೆ ಇದರ ತೊಡಕನ್ನು ವಿವರಿಸಬೇಕಾಗಿಲ್ಲ.

ಬೇರೊಂದು ಸರಕಾಗಿದ್ದರೆ ವರ್ತಕರ ಪಾಡು ವರ್ತಕರಿಗೆ ಎಂದು ಸುಮ್ಮನಿರಬಹುದಾಗಿತ್ತು. ಪಾದರಸವು ವಿಷ. 2013ರಲ್ಲಿ ಅಂಗೀಕೃತವಾಗಿ 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಒಪ್ಪಂದದ ಪ್ರಕಾರ ಪ್ರತಿಯೊಂದು ಸದಸ್ಯ ರಾಷ್ಟ್ರವೂ 50 ಟನ್ನಿಗೆ ಮೀರಿದ ದಾಸ್ತಾನುಗಳನ್ನು ಗುರುತಿಸಲು ಪ್ರಯತ್ನಿಸಬೇಕು. ಹೀಗೆ ಕಾನೂನು ಟನ್ನಿನಲ್ಲಿ ಕೇಳುವಾಗ ಪೇಟೆಯು ಕುಪ್ಪಿಯಲ್ಲಿ ಉತ್ತರಿಸುವುದು ಸರಿಯೆ? ಆ 50 ಟನ್ನು ಸುಮಾರು 1,450 ಕುಪ್ಪಿಗಳಾಗುತ್ತವೆ. ಒಳಗಿನ ದ್ರವವೆಲ್ಲ ನಾಲ್ಕು ಘನಮೀಟರಿಗೂ ಕಡಮೆ. ಒಂದು ಸಣ್ಣ ಕೋಣೆ ಸಾಕು!

ಪಾತ್ರೆ ಒಂದೇ ಗಾತ್ರದ್ದಾದುದರಿಂದ ಎಣಿಸುವುದು ಸುಲಭವೆಂದು ವರ್ತಕರು ಹೇಳಬಹುದು. ಪಾತ್ರೆ ಇರಲಿ, ಅದರಿಂದ ತೊಂದರೆಯಿಲ್ಲ. ಬೆಲೆಯನ್ನೂ ದಾಸ್ತಾನನ್ನೂ ಮಾತ್ರ ಕಿಲೋಗ್ರಾಮಿನಲ್ಲಿಯೇ ಬರೆಯತಕ್ಕದ್ದೆಂದು ನನ್ನ ಅಭಿಪ್ರಾಯ. ಏಕೆಂದರೆ ಕುಪ್ಪಿ ಕೊನೆಯವರೆಗೂ ಕುಪ್ಪಿಯಾಗಿಯೇ ಉಳಿಯುವುದಿಲ್ಲ. 2018ರ ವಿಶ್ವಸಂಸ್ಥೆಯ ವರದಿಯಂತೆ ಮನುಷ್ಯನ ಕೆಲಸಗಳಿಂದ ಗಾಳಿಗೆ ಸೇರುವ ಪಾದರಸದಲ್ಲಿ ಶೇಕಡ 38ರಷ್ಟು ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆಯಿಂದ ಬರುತ್ತದೆ. ಅಲ್ಲಿ ಅದರ ಬಳಕೆ ಗ್ರಾಮುಗಳ ಲೆಕ್ಕದ್ದು. ಸಣ್ಣ ಸಣ್ಣ ಸೀಸೆಗಳಿಗೆ ಸುರಿದು ಹಂಚಿದ ಮೇಲೆ, ಎಷ್ಟು ಕುಪ್ಪಿ ಬಂದಿತೆಂಬ ದಾಖಲೆಯಿಂದ ಯಾರಿಗೆ ಏನು ತಿಳಿದೀತು?